ಗುಡ್ಡದ ಬುಡದಲ್ಲಿ ನಿಂತ ಕಾರು

ಸೆಲ್ಮರ್ ಬ್ರೆಕ್ಕೆಯ ಗ್ಯಾರೇಜು ಎರಡು ಕಣಿವೆ ರಸ್ತೆಗಳು ಕೂಡುವ ಕಡೆ, ಚೀಸ್ ಫ್ಯಾಕ್ಟರಿಯ ಎದುರಿಗಿತ್ತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಅಂಚಿನ ಆ ಗುಡ್ಡಗಾಡಿನಲ್ಲಿ ನೇರವಾದ ರಸ್ತೆ ಅಂತ ಒಂದೂ ಇಲ್ಲ. ಏರಿದರೆ ಮೆಕ್ಕೆಜೋಳದ ಹೊಲ, ಇಳಿದರೆ ದನದ ಕೊಟ್ಟಿಗೆ, ನಡುನಡುವೆ ಓಕ್ ಮರದ ಕಾಡು. ಮೊಬೈಲಿನ ಸಿಗ್ನಲ್ಲು ಆ ಕಣಿವೆಗಳಿಗೆ ಇನ್ನೂ ಇಳಿದಿರಲಿಲ್ಲ. ಗಾಡಿ ಕೆಟ್ಟರೆ ನಡೆದುಕೊಂಡು ಯಾರದಾದರೂ ಮನೆಗೆ ಹೋಗಿ ಸೆಲ್ಮರನಿಗೆ ಫೋನ್ ಮಾಡಬೇಕು.

ಸೆಲ್ಮರ್ ಕಡಿಮೆ ಮಾತಿನವನು. ನಾರ್ವೆಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳೇ ತುಂಬಿರುವ ಆ ಊರಲ್ಲಿ ಯಾರೂ ವಾಚಾಳಿಗಳಲ್ಲ. ಅಂಥವರ ನಡುವೆಯೂ ಅವನ ಮೌನ ಗಾದೆಯಾಗಿತ್ತು. "ಸೆಲ್ಮರ್ ಹತ್ರ ಕಾರ್ ಬಿಟ್ಟು ಬಂದ್ರೆ ಮಾತಾಡೋದೆಲ್ಲ ಕಾರೇ" ಅಂತ ಫ್ಯಾಕ್ಟರಿಯವರು ನಗುತ್ತಿದ್ದರು. ಫೋನ್ ಎತ್ತುವುದು, ಗಿರಾಕಿಗಳ ಸುಖದುಃಖ ಕೇಳುವುದು, ತಡವಾದರೆ ಬೈಸಿಕೊಳ್ಳುವುದು ಎಲ್ಲ ಹೆಂಡತಿ ಮಾರ್ಗಿಟ್‌ಳ ಪಾಲು.

ಆದರೆ ಒಂದು ವಿಷಯದಲ್ಲಿ ಅವನು ಬಾಯಿ ಬಿಡುತ್ತಿದ್ದ. ಚಳಿಗಾಲ ಹತ್ತಿರವಾದಂತೆ ದಿನಾ ಒಬ್ಬರಾದರೂ ಫೋನ್ ಮಾಡಿ, "ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ಆಗ್ತಿಲ್ಲ" ಅನ್ನುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಬ್ಯಾಟರಿ ಬದಲಾಯಿಸು, ಪ್ಲಗ್ ಬದಲಾಯಿಸು ಅಂತ ಒಂದೊಂದೇ ಸಾಮಾನು ಹಾಕಿ ನೋಡುತ್ತಾರೆ. ಸೆಲ್ಮರ್ ಬಾನೆಟ್ ಎತ್ತುವ ಮೊದಲು ಮಾಲೀಕನನ್ನು ಕೂರಿಸಿಕೊಂಡು ಕೇಳುತ್ತಿದ್ದ: ನಿಲ್ಲಿಸಿದ್ದಾಗ ಕೆಟ್ಟಿತೋ, ಓಡುತ್ತಿದ್ದಾಗ ಕೆಟ್ಟಿತೋ? ಕೆಮ್ಮಿ ಕೆಮ್ಮಿ ನಿಂತಿತೋ, ದೀಪ ಆರಿದ ಹಾಗೆ ಒಮ್ಮೆಗೇ ಹೋಯಿತೋ? ನಿಲ್ಲುವ ಮೊದಲು ಏನಾಗಿತ್ತು? "ಎಂಜಿನ್ನಿಗೆ ಬೇಕಾಗಿರೋದು ಪೆಟ್ರೋಲು, ಕಿಡಿ, ಉಸಿರು. ಮೂರರಲ್ಲಿ ಒಂದು ಮುನಿಸ್ಕೊಂಡಿರುತ್ತೆ. ಯಾವುದು ಅಂತ ಕೇಳ್ಬೇಕು. ಕೇಳದೆ ಕೈ ಹಾಕಿದ್ರೆ ಎರಡು ಕಾಯಿಲೆ ಆಗುತ್ತೆ" ಅನ್ನುತ್ತಿದ್ದ.

ಇಷ್ಟು ಕೇಳುವವನು ಒಬ್ಬರ ಹತ್ತಿರ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಅವರು ಮಿಸೆಸ್ ನೀಗಾರ್ಡ್.

ಆರ್ಲಿಸ್ ನೀಗಾರ್ಡ್ ಆ ಕಣಿವೆಯ ಸ್ಕೂಲ್ ಬಸ್ ಓಡಿಸುತ್ತಿದ್ದವರು. ಮೂರು ದಶಕಕ್ಕೂ ಹೆಚ್ಚು ಕಾಲ, ಹಿಮವಿರಲಿ ಕೆಸರಿರಲಿ, ಅವರ ಬಸ್ಸು ಒಂದು ದಿನ ತಪ್ಪಿದ್ದಿಲ್ಲ, ಒಂದು ಮಗುವಿಗೆ ಪೆಟ್ಟಾಗಿದ್ದಿಲ್ಲ. ಊರಲ್ಲಿ ಮೂವತ್ತರಿಂದ ಅರವತ್ತರೊಳಗಿನವರೆಲ್ಲ ಅವರ ಬೆನ್ನು ನೋಡುತ್ತಾ ಬೆಳೆದವರೇ. ಕನ್ನಡಿಯಲ್ಲಿ ಅವರು ಕಣ್ಣು ಕಿರಿದು ಮಾಡಿದರೆ ಇಡೀ ಬಸ್ಸು ಸುಮ್ಮನಾಗುತ್ತಿತ್ತು. ಬಸ್ಸು ಬಿಟ್ಟು ಎಷ್ಟೋ ಕಾಲವಾಗಿ, ಗಂಡನನ್ನೂ ಮಣ್ಣು ಮಾಡಿ, ಎಂಬತ್ತರ ಹತ್ತಿರ ಬಂದಿದ್ದರೂ, ನರೆತ ತಲೆಯ ಗಂಡಸರು ಕೂಡ ಅವರನ್ನು ಆರ್ಲಿಸ್ ಅಂತ ಕರೆಯುತ್ತಿರಲಿಲ್ಲ. ಮಿಸೆಸ್ ನೀಗಾರ್ಡ್ ಅಂದರೇ ಬಾಯಿಗೆ ಸರಿ.

ಸೆಲ್ಮರನ ತಾಯಿ ತೀರಿಕೊಂಡಾಗ ಅವನು ಇನ್ನೂ ಸಣ್ಣ ತರಗತಿಯಲ್ಲಿದ್ದ. ಅಪ್ಪನಿಗೆ ಹಾಲು ಕರೆಯುವುದು ಮುಗಿಯದೆ ಮಗನ ಕಡೆ ತಿರುಗಲು ಆಗುತ್ತಿರಲಿಲ್ಲ. ಹುಡುಗ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿ ಬರುವವರೆಗೂ ಬಸ್ಸು ಗೇಟಿನ ಎದುರು ಗುರುಗುಡುತ್ತಾ ನಿಂತಿರುತ್ತಿತ್ತು. ಹಾರ್ನ್ ಮಾಡುತ್ತಿರಲಿಲ್ಲ. ಮಣ್ಣು ಮುಗಿದು ಮೊದಲ ದಿನ ಅವನು ಹತ್ತಿದಾಗ ಮಿಸೆಸ್ ನೀಗಾರ್ಡ್ ಒಂದು ಸಮಾಧಾನದ ಮಾತೂ ಆಡಲಿಲ್ಲ. ತಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದವರನ್ನು ಎಬ್ಬಿಸಿ, "ಇಲ್ಲಿ ಕೂತ್ಕೊ. ಗೇರ್ ಹೇಗೆ ಹಾಕ್ತೀನಿ ನೋಡ್ತಿರು" ಅಂದರು. ಅವನು ವರ್ಷವಿಡೀ ನೋಡಿದ. ಎಂಜಿನ್ನಿನ ಸದ್ದಿಗೂ ಕಾಲಿನ ಒತ್ತಕ್ಕೂ ಏನು ಸಂಬಂಧ ಅನ್ನುವುದು ಅವನಿಗೆ ತಿಳಿದದ್ದು ಆ ಸೀಟಿನಲ್ಲಿ.

ಅಂಥವರ ಕಾರು ಆ ವರ್ಷ ಪದೇ ಪದೇ ಗ್ಯಾರೇಜಿಗೆ ಬರತೊಡಗಿತು. ವಸಂತದಲ್ಲಿ ಬಲಗಡೆ ಕನ್ನಡಿ ಕಿತ್ತುಹೋಗಿತ್ತು. "ಯಾರೋ ಅಂಗಡಿ ಮುಂದೆ ತಾಗಿಸ್ಬಿಟ್ರು" ಅಂದರು. ಬೇಸಿಗೆಯಲ್ಲಿ ಬಂಪರಿಗೆ ಅವರದೇ ಮನೆ ಮುಂದೆ ರಸ್ತೆ ಅಂಚಿಗೆ ನೆಟ್ಟ ಟಪಾಲು ಪೆಟ್ಟಿಗೆಯ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಆಮೇಲೆ ಬಾಗಿಲ ಮೇಲೆ ಉದ್ದದ ಗೀರು. ಎಲ್ಲ ಬಲಗಡೆಯೇ, ಆ ದೇಶದಲ್ಲಿ ರಸ್ತೆ ಅಂಚಿಗೆ ಬರುವ ಬದಿ. ಸೆಲ್ಮರ್ ಬಡಿದು ಸರಿಮಾಡಿದ, ಬಣ್ಣ ಹಚ್ಚಿದ, ಬೀಗದ ಕೈ ವಾಪಸು ಕೊಟ್ಟ.

ಮಾರ್ಗಿಟ್ ಸುಮ್ಮನಿರಲಿಲ್ಲ. "ಕಾಯಿಲೆ ಕಾರಿಗಲ್ಲ ಅಂತ ನಿನಗೆ ಗೊತ್ತಾಗ್ತಿಲ್ವಾ?"

"ಗೊತ್ತು."

"ಮತ್ತೆ ಹೇಳು ಅವರಿಗೆ."

"ನಾನಾ? ಅವರಿಗಾ?" ಅಂದ ಸೆಲ್ಮರ್. ಆ ಮಾತು ಅಲ್ಲಿಗೇ ಮುಗಿಯಿತು.

ಅಕ್ಟೋಬರ್ ಕಳೆಯುತ್ತಿದ್ದ ಒಂದು ಬೆಳಿಗ್ಗೆ ಮಿಸೆಸ್ ನೀಗಾರ್ಡ್ ಫೋನ್ ಮಾಡಿದರು. ಹಿಂದಿನ ಸಂಜೆ ಅಂಗಡಿಯಿಂದ ಬರುವಾಗ ಕಾರು ಕೈಕೊಟ್ಟಿದೆ. ಚರ್ಚ್ ಗುಡ್ಡದ ಬುಡದಲ್ಲಿ ನಿಂತಿದೆ. ಕತ್ತಲಾಗಿತ್ತು, ನಿನ್ನ ಊಟದ ಹೊತ್ತಿಗೆ ಯಾಕೆ ತೊಂದರೆ ಕೊಡಲಿ ಅಂತ ಮನೆಗೆ ನಡೆದುಬಿಟ್ಟೆ, ಈಗ ಬಂದು ನೋಡು ಅಂದರು.

ಸೆಲ್ಮರ್ ತನ್ನ ಟ್ರಕ್ಕಿನಲ್ಲಿ ಹೋದಾಗ ಅವರು ಆಗಲೇ ಡ್ರೈವರ್ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಗಾಜು ಇಳಿಸಿದರು.

"ಬಂದ್ಯಾ. ನಾನು ಇನ್ನೊಂದು ಮದುವೆ ಆಗೋದ್ರೊಳಗೆ ಬರ್ತೀಯೋ ಇಲ್ವೋ ಅಂದ್ಕೊಂಡಿದ್ದೆ."

"ಹುಡುಗ ಯಾರು?"

"ಅಯ್ಯೋ, ಇವನಿಗೆ ಮಾತು ಬಂತು!" ಅವರು ನಕ್ಕರು. "ಸೆಲ್ಫ್ ಚೆನ್ನಾಗೇ ಹೊಡೀತಿದೆ ಕಣೋ. ಹಿಡ್ಕೊಳ್ತಿಲ್ಲ ಅಷ್ಟೇ."

"ಎಲ್ಲಿ, ಒಂದ್ಸಲ ಹೊಡೀರಿ."

ಅವರು ಕೀ ತಿರುಗಿಸಿದರು. ಸೆಲ್ಮರ್ ಕಣ್ಣು ಮುಚ್ಚಿ ಕೇಳಿದ. ಎಂಜಿನ್ನು ಒಂದೇ ಲಯದಲ್ಲಿ, ಭಾರವಾಗಿ ತಿರುಗುತ್ತಿತ್ತು. ಅಂದರೆ ಒಳಗೆ ಏನೂ ಮುರಿದಿಲ್ಲ, ಬೆಲ್ಟ್ ಹರಿದಿಲ್ಲ, ಉಸಿರು ಸರಿಯಾಗಿದೆ. ಒಂದು ಪ್ಲಗ್ಗಿನ ತಂತಿ ಕಿತ್ತು ಕಿಡಿ ಪರೀಕ್ಷಿಸುವ ಕಡ್ಡಿಗೆ ಸಿಕ್ಕಿಸಿ ಮತ್ತೆ ಹೊಡೆಯಲು ಹೇಳಿದ. ನೀಲಿ ಕಿಡಿ ಟಪಟಪ ಹಾರಿತು. ಹಾಗಾದರೆ ಉಳಿದದ್ದು ಪೆಟ್ರೋಲು. ಹಿಂದಕ್ಕೆ ಹೋಗಿ ಟ್ಯಾಂಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟ.

"ಈಗ ಕೀ ಅರ್ಧ ಮಾತ್ರ ತಿರುಗಿಸಿ. ಸೆಲ್ಫ್ ಬೇಡ."

ಕೀ ಆನ್ ಆದರೆ ಟ್ಯಾಂಕಿನೊಳಗಿನ ಪಂಪು ಜೇನುಹುಳುವಿನ ಹಾಗೆ ಒಂದು ಕ್ಷಣ ಗುಂಯ್‌ಗುಟ್ಟಬೇಕು. ಏನೂ ಇಲ್ಲ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದ. ಸುಟ್ಟಿರಲಿಲ್ಲ. ಆಮೇಲೆ ಡಿಕ್ಕಿ ತೆಗೆದು, ಎಡಗಡೆಯ ಜಮಖಾನೆಯ ಅಂಚು ಎತ್ತಿ ಒಳಗೆ ಬೆರಳಾಡಿಸಿದ. ಆ ಕಾಲದ ಕೆಲವು ಕಾರುಗಳಲ್ಲಿ ಅಲ್ಲೊಂದು ಸಣ್ಣ ಸ್ವಿಚ್ಚಿರುತ್ತದೆ. ಗಾಡಿ ಜೋರಾಗಿ ಎಲ್ಲಾದರೂ ಗುದ್ದಿಕೊಂಡರೆ ಅದರ ತಲೆ ಮೇಲಕ್ಕೆ ಹಾರಿ, ಬೆಂಕಿ ಹತ್ತದಿರಲಿ ಅಂತ ಪಂಪಿನ ಕರೆಂಟ್ ಕಡಿಯುತ್ತದೆ. ಸ್ವಿಚ್ಚಿನ ತಲೆ ಹಾರಿತ್ತು. ಒತ್ತಿದ. ಟಕ್ ಅಂತ ಕೂತಿತು.

"ಹೊಡೀರಿ."

ಮೊದಲ ಸುತ್ತಿಗೇ ಎಂಜಿನ್ನು ಹಿಡಿದುಕೊಂಡಿತು. ಮಿಸೆಸ್ ನೀಗಾರ್ಡ್ ಸ್ಟೀರಿಂಗ್ ತಟ್ಟಿದರು. "ಭಲೇ! ಇಷ್ಟೇನಾ?"

ಸೆಲ್ಮರ್ ಡಿಕ್ಕಿ ಮುಚ್ಚಿದ, ಆದರೆ ಮುಂದಕ್ಕೆ ಬರಲಿಲ್ಲ. ಆ ಸ್ವಿಚ್ಚು ತನ್ನಷ್ಟಕ್ಕೆ ಹಾರುವುದಿಲ್ಲ. ಬಲಗಡೆಯಿಂದ ಸುತ್ತಿಕೊಂಡು ಬಂದ. ಬಲಗಡೆ ದೀಪದ ಗಾಜು ಪೂರ್ತಿ ಹೋಗಿತ್ತು. ಮಡ್‌ಗಾರ್ಡ್ ಒಳಕ್ಕೆ ಬಗ್ಗಿತ್ತು. ತಾನು ಬಣ್ಣ ಹಚ್ಚಿದ ಹಳೆಯ ಗಾಯಗಳು ಅವನಿಗೆ ಕೈಬರಹದಷ್ಟು ಪರಿಚಿತ. ಇದು ಹೊಸದು. ಕಾರಿನ ಮುಂದೆ ರಸ್ತೆಯಲ್ಲಿ ಒಂದು ಚೂರು ಗಾಜೂ ಇರಲಿಲ್ಲ.

"ಎಲ್ಲಿ ತಾಗ್ತು, ಮಿಸೆಸ್ ನೀಗಾರ್ಡ್?"

"ಎಲ್ಲೂ ಇಲ್ಲ."

ಅವನು ಸುಮ್ಮನೆ ನಿಂತ. ಅವನ ಮೌನಕ್ಕೆ ಉತ್ತರ ಕೊಡದೆ ಇರುವುದು ಎಂಥವರಿಗೂ ಕಷ್ಟ.

"ಮೇಲ್ಗಡೆ, ತಿರುವಲ್ಲಿ ಧಡ್ ಅಂತು. ಜಿಂಕೆ ಇರ್ಬೇಕು. ಚಕ್ರ ರಸ್ತೆ ಅಂಚಿನ ಗುಂಡಿಗೆ ಇಳಿದು ಎದ್ಬಿಡ್ತು. ಹಿಂದೆ ನೋಡ್ದೆ, ಏನೂ ಕಾಣ್ಲಿಲ್ಲ. ಅಷ್ಟೊತ್ತಿಗೆ ಎಂಜಿನ್ ನಿಂತುಹೋಯ್ತು. ಸ್ಟೀರಿಂಗ್ ಕಲ್ಲಾಯ್ತು. ಇಲ್ಲೀತನಕ ಉರುಳಿಸ್ಕೊಂಡು ಬಂದೆ ಗೊತ್ತಾ, ಒಂದು ಗೀರಿಲ್ದೆ!"

"ಜಿಂಕೆ ಸಾಯ್ದೆ ಒದ್ದಾಡ್ತಾ ಬಿದ್ದಿರಬಹುದು. ನೋಡ್ಕೊಂಡು ಬರ್ತೀನಿ" ಅಂದ ಸೆಲ್ಮರ್.

"ಓಡಿಹೋಗಿರುತ್ತೆ ಬಿಡೋ."

ಗಾಯಗೊಂಡ ಜಿಂಕೆಯನ್ನು ನರಳಲು ಬಿಟ್ಟು ಹೋಗುವುದು ಆ ಊರಿನವರಿಗೆ ಆಗದ ಮಾತು. ಟ್ರಕ್ಕಿನಿಂದ ಬಂದೂಕು ತೆಗೆದುಕೊಂಡು ಅವನು ಗುಡ್ಡ ಹತ್ತಿದ. ರಾತ್ರಿ ಹಿಮ ಬೀಳುವಷ್ಟು ಚಳಿಯಾಗದಿದ್ದರೂ ಓಕ್ ಎಲೆಗಳು ಒದ್ದೆಯಾಗಿ ರಸ್ತೆ ಅಂಚಿಗೆ ಅಂಟಿಕೊಂಡಿದ್ದವು. ತಿರುವಿನಲ್ಲಿ ಗಾಜಿನ ಚೂರುಗಳು ಸಿಕ್ಕವು. ದೊಡ್ಡದೊಂದನ್ನು ಎತ್ತಿ, ಯಾವ ನಮೂನೆಯ ದೀಪ ತರಿಸಬೇಕು ಅಂತ ಯೋಚಿಸುತ್ತಲೇ ಜೇಬಿಗೆ ಹಾಕಿಕೊಂಡ. ಅಂಚಿನ ಗುಂಡಿಯಲ್ಲಿ ಚಕ್ರದ ಗುರುತಿತ್ತು. ಅಲ್ಲಿಂದ ಸ್ವಲ್ಪ ಆಚೆಗೆ ಒಂದು ಉಣ್ಣೆಯ ಟೋಪಿ ಬಿದ್ದಿತ್ತು.

ಟೋಪಿಯನ್ನು ಕಂಡ ಮೇಲೆ ಬಂದೂಕು ಕೈಯಲ್ಲಿ ಹಿಡಿದಿರಲು ಅವನಿಗಾಗಲಿಲ್ಲ. ಮರಕ್ಕೆ ಒರಗಿಸಿ ಚರಂಡಿಗಿಳಿದ.

ಎಲೆಯ ರಾಶಿಯಲ್ಲಿ ಒಬ್ಬ ಮನುಷ್ಯ ಮಗ್ಗುಲಾಗಿ ಬಿದ್ದಿದ್ದ. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಚೀಸ್ ಫ್ಯಾಕ್ಟರಿಯ ಓರ್ಲಿನ್ ಫಾಸ್ಸೆ. ಮುಖ ಮೇಣದ ಹಾಗಿತ್ತು, ತುಟಿ ನೀಲಿಯಾಗಿತ್ತು. ಕುತ್ತಿಗೆಗೆ ಬೆರಳಿಟ್ಟರೆ ನಾಡಿ ಆಡುತ್ತಿತ್ತು, ತೀರಾ ನಿಧಾನವಾಗಿ.

"ಓರ್ಲಿನ್. ಓರ್ಲಿನ್, ನಾನು ಸೆಲ್ಮರ್."

ಕಣ್ಣು ಅರ್ಧ ತೆರೆಯಿತು. "ಚಳಿ" ಅಂದ. ಮತ್ತೆ ಮುಚ್ಚಿಕೊಂಡಿತು.

ಸೆಲ್ಮರ್ ತನ್ನ ಕೋಟು ಬಿಚ್ಚಿ ಹೊದಿಸಿದ, ಎಲೆಗಳನ್ನು ಬಾಚಿ ಮೇಲೆ ಹಾಕಿದ. ಗುಡ್ಡದ ಮೇಲಿನ ಮನೆಯೇ ಹತ್ತಿರವಾದ್ದರಿಂದ ಆ ಕಡೆಗೇ ಓಡಿ ಫೋನ್ ಮಾಡಿಸಿದ. ಕಂಬಳಿ ಹಿಡಿದು ವಾಪಸು ಓಡಿ ಬಂದು ಓರ್ಲಿನ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೆಳಗೆ ಮಿಸೆಸ್ ನೀಗಾರ್ಡ್ ಕಾದು ಕಾದು, ಜಿಂಕೆ ಹುಡುಕುತ್ತಾ ಕಾಡಿಗಿಳಿದಿರಬೇಕು ಅಂದುಕೊಂಡು, ಗೇರ್ ಹಾಕಿಕೊಂಡು ಮನೆಗೆ ಹೋದರು. ಆ ಕಾರಿನ ಸದ್ದು ದೂರವಾಗುವುದು ಅವನಿಗೆ ಮೇಲೆ ಕೂತಲ್ಲಿಗೇ ಕೇಳಿಸಿತು.

ಆಂಬುಲೆನ್ಸ್ ಬಂತು, ಓರ್ಲಿನ್‌ನನ್ನು ಎತ್ತಿಕೊಂಡು ಹೋಯಿತು. ಅದರ ಹಿಂದೆಯೇ ಶೆರಿಫ್ ಕಚೇರಿಯ ಪೊಲೀಸು ಗೇಲನ್ ಬಂದ. ಅವನೂ ಅದೇ ಬಸ್ಸಿನಲ್ಲಿ ಶಾಲೆಗೆ ಹೋದವನು. ಚರಂಡಿಯನ್ನು ಮೇಲಿನಿಂದಲೇ ನೋಡಿ ತಲೆಯಾಡಿಸಿದ.

"ಮತ್ತೆ ಶುರು ಮಾಡ್ಕೊಂಡ ಅನ್ನು."

ಓರ್ಲಿನ್ ಕುಡಿತದ ಮನುಷ್ಯನಾಗಿದ್ದ. ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡಿದ್ದ. ಅದಾದ ಮೇಲೆ ಫ್ಯಾಕ್ಟರಿಗೆ ದಿನಾ ನಡೆದೇ ಹೋಗಿ ಬರುತ್ತಿದ್ದ. ಬಿಟ್ಟಿದ್ದೇನೆ ಅನ್ನುತ್ತಿದ್ದ, ಆದರೆ ಕೇಳಿದವರು ಹೂಂ ಅಂದು ಸುಮ್ಮನಾಗುತ್ತಿದ್ದರು. ಅವನನ್ನು ಮನೆಯಲ್ಲಿಟ್ಟುಕೊಂಡಿದ್ದ ಅಕ್ಕ, "ಇನ್ನೊಂದ್ಸಲ ಕುಡಿದು ಬಂದ್ರೆ ಬಾಗಿಲು ತೆಗೆಯಲ್ಲ" ಅಂದಿದ್ದಳು. ಹಿಂದಿನ ರಾತ್ರಿ ಅವನು ಬಾರದಿದ್ದಾಗ ಎಲ್ಲೋ ಬಿದ್ದಿರುತ್ತಾನೆ ಅಂತ ದೀಪ ಆರಿಸಿ ಮಲಗಿದ್ದಳು.

"ವಾಸನೆ ಬರ್ತಿರ್ಲಿಲ್ಲ" ಅಂದ ಸೆಲ್ಮರ್.

"ರಾತ್ರಿಯೆಲ್ಲ ಬಯಲಲ್ಲಿ ಬಿದ್ದವನ ಬಾಯಲ್ಲಿ ಬೆಳಿಗ್ಗೆಗೆ ಏನ್ ವಾಸನೆ ಉಳಿದಿರುತ್ತೆ? ಕಾಲು ಜಾರಿದೆ, ಮೋರಿ ಕಲ್ಲಿಗೆ ಬಡಿದಿದೆ. ಪುಣ್ಯಕ್ಕೆ ನೀನು ಈ ಕಡೆ ಬಂದೆ. ಯಾಕೆ ಬಂದಿದ್ದೆ?"

ಸೆಲ್ಮರ್ ಬಾಯಿ ತೆರೆದ. ಅವನ ಕಣ್ಣ ಮುಂದೆ ಬಸ್ಸಿನ ಕನ್ನಡಿ ಬಂತು.

"ಒಂದು ಕಾರ್ ಕೆಟ್ಟಿತ್ತು. ಕೆಳಗೆ" ಅಂದ. ಗೇಲನ್ ಮುಂದೆ ಕೇಳಲಿಲ್ಲ.

ಆ ದಿನ ಸೆಲ್ಮರ್ ಗ್ಯಾರೇಜಿನಲ್ಲಿ ಕೆಲಸ ಮಾಡಲಿಲ್ಲ, ಮಾಡಿದ ಹಾಗೆ ನಟಿಸಿದ. ಸಂಜೆ ಊಟಕ್ಕೆ ಕೂತಾಗ ಜೇಬಿನಿಂದ ದೀಪದ ಗಾಜು ತೆಗೆದು ಮೇಜಿನ ಮೇಲಿಟ್ಟ. ಮಾರ್ಗಿಟ್ ಆಲೂಗಡ್ಡೆಯ ಪಾತ್ರೆ ಹಿಡಿದುಕೊಂಡೇ ನಿಂತಳು.

"ಯಾರದ್ದು?"

"ಅವರದ್ದು."

ಅವನು ಎಲ್ಲ ಹೇಳಿದ. ಆಸ್ಪತ್ರೆಯಿಂದ ಸುದ್ದಿ ಆಗಲೇ ಊರಿಗೆ ಬಂದಿತ್ತು: ಓರ್ಲಿನ್ ಬದುಕುತ್ತಾನೆ, ಸೊಂಟ ಮುರಿದಿದೆ, ಏನಾಯಿತು ಅನ್ನುವುದು ಅವನಿಗೆ ನೆನಪಿಲ್ಲ. ಅಕ್ಕ ನೋಡಲು ಹೋಗಿಲ್ಲ. ಫ್ಯಾಕ್ಟರಿಯಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ಹುಡುಕುವ ಮಾತು ನಡೆದಿದೆ.

"ಅವನಿಗೇ ನೆನಪಿಲ್ಲ. ಗೇಲನ್ ಕೂಡ ಜಾರಿ ಬಿದ್ದ ಅಂತ ಬರ್ಕೊಂಡು ಹೋದ. ನಾನು ಬಾಯಿ ಮುಚ್ಕೊಂಡಿದ್ರೆ ಅವರ ಹೆಸರು ಉಳಿಯುತ್ತೆ" ಅಂದ ಸೆಲ್ಮರ್.

"ಓರ್ಲಿನ್ ಹೆಸರು?"

ಅವನು ಗಾಜಿನ ಚೂರನ್ನು ತಟ್ಟೆಯ ಹಿಂದಕ್ಕೆ ಸರಿಸಿದ.

"ಕುಡಿದಿಲ್ಲ ಅಂತ ಆ ಮನುಷ್ಯ ಎರಡು ವರ್ಷದಿಂದ ಹೇಳ್ಕೊಂಡು ಓಡಾಡ್ತಿದಾನೆ ಸೆಲ್ಮರ್. ನಾನೂ ನಂಬಿರ್ಲಿಲ್ಲ" ಅಂದಳು ಮಾರ್ಗಿಟ್. ಪಾತ್ರೆ ಇಟ್ಟು ಎದುರಿಗೆ ಕೂತಳು. "ಮೊದ್ಲು ಗೇಲನ್ ಹತ್ರ ಹೋಗ್ಬೇಡ. ಅವರ ಹತ್ರ ಹೋಗು. ಬೇರೆಯವರ ಬಾಯಿಂದ ಕೇಳೋ ಹಾಗಾಗ್ಬಾರ್ದು."

ಬೆಳಿಗ್ಗೆ ಹೋದಾಗ ಮಿಸೆಸ್ ನೀಗಾರ್ಡ್ ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದರು. ಕಾಫಿ ಬಗ್ಗಿಸಿದರು. ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಂಡು, ಕಾಫಿ ಬೆರಳಿಗೆ ತಾಗಿದಾಗ ನಿಲ್ಲಿಸಿದರು. ಅವನು ಅದನ್ನು ನೋಡಿದ.

"ಓರ್ಲಿನ್ ಸುದ್ದಿ ಕೇಳ್ದೆ. ಪಾಪ, ಮತ್ತೆ ಅದಕ್ಕೇ ಬಿದ್ನಂತೆ" ಅಂದರು.

ಸೆಲ್ಮರ್ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. "ಅದು ಜಿಂಕೆ ಅಲ್ಲ, ಮಿಸೆಸ್ ನೀಗಾರ್ಡ್" ಅಂದ, ಅಷ್ಟೇ.

ಅವರು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಏನೂ ಅಲುಗಲಿಲ್ಲ, ಕೈಗಳು ಮಾತ್ರ ಮೇಜಿನ ಮೇಲೆ ಸ್ಟೀರಿಂಗ್ ಹಿಡಿದ ಹಾಗೆ ಅಗಲವಾಗಿ ನಿಂತಿದ್ದವು.

"ಆ ಹುಡುಗ ಬಸ್ಸಲ್ಲಿ ಕಿಟಕಿ ಪಕ್ಕ ಕೂರ್ತಿದ್ದ" ಅಂದರು ಕೊನೆಗೆ. "ತಿರುವುಗಳಲ್ಲಿ ವಾಂತಿ ಮಾಡ್ಕೊಳ್ತಿದ್ದ. ಅವನಿಗೋಸ್ಕರ ಆ ಗುಡ್ಡ ನಿಧಾನವಾಗಿ ಇಳಿಸ್ತಿದ್ದೆ." ಉಸಿರು ಎಳೆದುಕೊಂಡರು. "ರಾತ್ರಿಯೆಲ್ಲ ಅಲ್ಲೇ ಇದ್ನಾ?"

"ಹೂಂ."

"ನಾನು ಇಲ್ಲಿ ಮಲಗಿದ್ದೆ."

ಸೆಲ್ಮರ್ ನೆಲ ನೋಡಿದ.

"ಬಲಗಡೆ ನಂಗೆ ಏನೂ ಕಾಣ್ಸಲ್ಲ ಸೆಲ್ಮರ್. ಮಬ್ಬು. ಹೊಗೆ ಹಾಕಿದ ಹಾಗೆ. ವಸಂತದಿಂದ." ಆಮೇಲೆ ಅವರು ಅವನ ಕಡೆಗೆ, ಅವನು ಇದ್ದಾನೆ ಅಂದುಕೊಂಡ ಕಡೆಗೆ, ನೆಟ್ಟಗೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕನ್ನಡಿ ಹಾಕ್ಕೊಟ್ಟಾಗ್ಲೇ?"

"ಟಪಾಲು ಪೆಟ್ಟಿಗೆ ಆದ್ಮೇಲೆ, ಖಂಡಿತ."

"ಮತ್ತೆ ಯಾಕೋ ಹೇಳ್ಲಿಲ್ಲ?" ಅವರ ಧ್ವನಿ ಏರಿತು. ಬಸ್ಸಿನಲ್ಲೂ ಅವರು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ನಾನು ಮುದುಕಿ, ಹಟಮಾರಿ, ಕೀ ಬಿಟ್ಕೊಡಕ್ಕೆ ಹೆದರ್ತಿದ್ದೆ. ನಿನಗೇನಾಗಿತ್ತು? ನೀನು ಬಣ್ಣ ಹಚ್ಚಿ ಹಚ್ಚಿ ಕಳಿಸ್ದೆ! ಮುಖ ನೋಡಿ ಒಂದು ಮಾತು ಅಂದಿದ್ರೆ ನಿನ್ನ ಒದ್ದು ಓಡಿಸ್ತಿದ್ದೆ ನಿಜ. ಆದ್ರೂ ಅನ್ಬೇಕಿತ್ತು."

"ಅನ್ಬೇಕಿತ್ತು" ಅಂದ ಸೆಲ್ಮರ್.

ಅವರು ಎದ್ದರು. ಬಾಗಿಲ ಹಿಂದಿನ ಮೊಳೆಯನ್ನು ತಡಕಿ ಕೀ ತೆಗೆದುಕೊಂಡು ಅವನ ಕೈಯಲ್ಲಿಟ್ಟರು. ಭಾನುವಾರದ ಕೋಟು ಹಾಕಿಕೊಂಡರು, ಟೋಪಿ ಸರಿ ಮಾಡಿಕೊಂಡರು. "ನಡಿ. ಗೇಲನ್ ಹತ್ರ ಕರ್ಕೊಂಡು ಹೋಗು. ನಾನೇ ಹೇಳ್ತೀನಿ. ನೀನು ಮಧ್ಯೆ ಬಾಯಿ ಹಾಕ್ಬೇಡ."

ಅವರು ಹೇಳಿದರು. ಸೆಲ್ಮರ್ ಗಾಜಿನ ಚೂರನ್ನು ಮೇಜಿನ ಮೇಲಿಟ್ಟು, ಗೊತ್ತಿದ್ದೂ ಗುಡ್ಡದ ಮೇಲೆ ತಾನು ಸುಮ್ಮನಿದ್ದೆ ಅನ್ನುವುದನ್ನು ಸೇರಿಸಿದ. ಗೇಲನ್ ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಪೆನ್ನು ನಿಲ್ಲಿಸಿ ಕಿಟಕಿ ನೋಡಿದ. "ಮಿಸೆಸ್ ನೀಗಾರ್ಡ್, ನಿಮ್ಗೆ ಕುಡಿಯೋಕೆ ನೀರು ಬೇಕಾ?" ಅಂದ. "ಬೇಡ. ನೀನು ಪೂರ್ತಿ ಬರ್ಕೊ" ಅಂದರು ಅವರು.

ಸುದ್ದಿ ಊರಿಗೆ ಹಬ್ಬಿತು. ಅದೇ ಸಂಜೆ ಓರ್ಲಿನ್‌ನ ಅಕ್ಕ ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ಕೂತು ಅತ್ತಳಂತೆ. ಫ್ಯಾಕ್ಟರಿಯವರು ಜಾಗ ಖಾಲಿ ಇಟ್ಟರು. ಮಿಸೆಸ್ ನೀಗಾರ್ಡ್‌ರ ಲೈಸೆನ್ಸ್ ಹೋಯಿತು. ನ್ಯಾಯಾಧೀಶರ ಎದುರು ಅವರು ಒಂದು ನೆಪವನ್ನೂ ಹೇಳಲಿಲ್ಲ. ವಯಸ್ಸು ನೋಡಿ, ತಾವಾಗಿ ಬಂದು ಹೇಳಿದ್ದನ್ನು ನೋಡಿ, ಜೈಲಿಲ್ಲದೆ ಬಿಟ್ಟರು. ಊರು ಮಾತ್ರ ಎರಡಾಯಿತು. "ಬಾಯಿಲ್ದೋನಿಗೆ ಬಾಯಿ ಬಂದಿದ್ದು ಇದಕ್ಕಾ?" ಅಂದವರು ಇದ್ದರು. "ಎಂಜಿನ್ ನೋಡು ಅಂದ್ರೆ ಮುದುಕಿಯನ್ನ ಹಿಡಿದುಕೊಟ್ಟ" ಅಂತ ಕೆಲವರು ಗಾಡಿಗಳನ್ನು ದೂರದ ಪೇಟೆಗೆ ಒಯ್ಯತೊಡಗಿದರು. ಸೆಲ್ಮರ್ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಅವರು ಬೈಯುತ್ತಿದ್ದುದು ಹೇಳಿದ್ದಕ್ಕೆ. ಅವನನ್ನು ರಾತ್ರಿ ಎಚ್ಚರವಿಡುತ್ತಿದ್ದುದು ಹೇಳದೆ ಬಿಟ್ಟದ್ದು.

ಓರ್ಲಿನ್ ಚಳಿಗಾಲದ ನಡುವೆ ಊರುಗೋಲಿನಲ್ಲಿ ಮನೆಗೆ ಬಂದ. ಹಿಮ ಕರಗುವ ಹೊತ್ತಿಗೆ ಮಿಸೆಸ್ ನೀಗಾರ್ಡ್ ಅವನನ್ನು ನೋಡಬೇಕು ಅಂತ ಹೇಳಿಕಳಿಸಿದರು. ಅವನನ್ನು ಕರೆದುಕೊಂಡು ಹೋದದ್ದು ಸೆಲ್ಮರ್. ಅವರು ಆಲೂಗಡ್ಡೆ ರೊಟ್ಟಿ, ಅವರ ಭಾಷೆಯಲ್ಲಿ ಲೆಫ್ಸೆ, ಮಾಡಿ ಬೆಣ್ಣೆ ಸಕ್ಕರೆ ಸವರಿ ಮಡಿಸಿಟ್ಟಿದ್ದರು. ಒಂದೆರಡು ಕಡೆ ಸೀದಿತ್ತು.

"ನಾನು ನಿನ್ನ ನೋಡ್ಲಿಲ್ಲ ಓರ್ಲಿನ್" ಅಂದರು. "ಕಾಣಲ್ಲ ಅಂತ ಗೊತ್ತಿದ್ದೂ ಓಡಿಸ್ದೆ. ಅದಕ್ಕೆ ಕ್ಷಮೆ ಕೇಳ್ತಿದೀನಿ."

ಓರ್ಲಿನ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. "ಅವತ್ತು ನಾನು ಕುಡಿದಿರ್ಲಿಲ್ಲ, ಮಿಸೆಸ್ ನೀಗಾರ್ಡ್."

"ಗೊತ್ತು ಕಣೋ."

"ಬಿಟ್ಟು ಎರಡು ವರ್ಷದ ಮೇಲಾಗಿದೆ."

"ಗೊತ್ತು. ಕೇಳ್ದೋರಿಗೆಲ್ಲ ನಾನೇ ಹೇಳ್ತಿದೀನಿ."

ಅವನು ತಲೆಯಾಡಿಸಿದ. ಕ್ಷಮಿಸಿದೆ ಅಂತ ಅನ್ನಲಿಲ್ಲ, ಲೆಫ್ಸೆ ಮುಟ್ಟಲೂ ಇಲ್ಲ. ಕಾಫಿ ಮಾತ್ರ ಕುಡಿದು ಮುಗಿಸಿ ಎದ್ದ. ಟ್ರಕ್ಕಿನಲ್ಲಿ, ಸೊಂಟದ ನೋವಿಗೆ ಹಲ್ಲು ಕಚ್ಚಿಕೊಂಡು, "ಒಂದ್ಸಲಕ್ಕೆ ಎಲ್ಲ ಆಗಲ್ಲ ಸೆಲ್ಮರ್" ಅಂದ. "ಮತ್ತೆ ಕರೆದ್ರೆ ಬರ್ತೀನಿ." ಕರೆದರು, ಬಂದ. ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದರು ಅನ್ನುವುದು ಸೆಲ್ಮರನಿಗೆ ತಿಳಿಯದು. ಆಮೇಲಾಮೇಲೆ ಅವನು ಹೊರಗೆ ಟ್ರಕ್ಕಿನಲ್ಲೇ ಕಾಯುತ್ತಿದ್ದ.

ಸೆಲ್ಮರನ ಕೆಲಸದ ರೀತಿ ಬದಲಾಯಿತು. ವಯಸ್ಸಾದವರ ಕಾರು ಒಂದೇ ಬದಿ ಗೀರಿಕೊಂಡು ಬಂದರೆ ಮೊದಲು ಕಾಫಿ ಕೊಟ್ಟು ಕೂರಿಸುತ್ತಿದ್ದ. "ಕಾರ್ ಸರಿಯಿದೆ. ಓಡಿಸೋರ ವಿಷಯ ಮಾತಾಡೋಣ" ಅನ್ನುತ್ತಿದ್ದ. ಕೆಲವರು ಅತ್ತರು. ಒಬ್ಬ ರೈತ ಕಾಫಿಯನ್ನು ಅವನ ಬೂಟಿನ ಮೇಲೇ ಚೆಲ್ಲಿ ಹೋದ.

ಮಿಸೆಸ್ ನೀಗಾರ್ಡ್‌ರನ್ನು ವಾರಕ್ಕೊಮ್ಮೆ ಅಂಗಡಿಗೆ ಕರೆದೊಯ್ಯುವುದು ಸೆಲ್ಮರನ ಪಾಲಿಗೆ ಬಂತು. ಅವರು ಪಕ್ಕದ ಸೀಟಿನಲ್ಲಿ ಕೂತು ಕಿವಿಯಿಂದಲೇ ಅವನ ತಪ್ಪು ಹಿಡಿಯುತ್ತಿದ್ದರು. "ತಿರುವಿಗೆ ಮುಂಚೆ ಬ್ರೇಕ್ ಹಾಕು, ತಿರುವಲ್ಲಲ್ಲ. ವರ್ಷವಿಡೀ ನನ್ನ ಹಿಂದಿನ ಸೀಟಲ್ಲಿ ಕೂತು ಏನ್ ಕಲ್ತೆ ನೀನು?" ಚರ್ಚ್ ಗುಡ್ಡ ಬಂದಾಗ ಮಾತ್ರ ಮಾತು ನಿಲ್ಲುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಗುಡ್ಡದ ಮೇಲೆ ಅವರು, "ನಿಲ್ಸು" ಅಂದರು.

ಅವನು ನಿಲ್ಲಿಸಿದ. ಅವರು ಇಳಿದು ಬಾಗಿಲು ಹಿಡಿದು ನಿಂತರು. ಓಕ್ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಕೆಳಗೆ ಯಾರದೋ ಹೊಲದಲ್ಲಿ ಟ್ರಾಕ್ಟರ್ ಓಡುತ್ತಿತ್ತು.

"ಯಾವ ಜಾಗ?"

ಸೆಲ್ಮರ್ ತೋಳು ಹಿಡಿದು ಕರೆದುಕೊಂಡು ಹೋದ. ಅಂಚಿನ ಗುಂಡಿಯನ್ನು ರಸ್ತೆಯವರು ಜಲ್ಲಿ ಹಾಕಿ ಮುಚ್ಚಿದ್ದರು. ಅವರು ಬೂಟಿನ ತುದಿಯಿಂದ ಜಲ್ಲಿಯನ್ನು ಮುಟ್ಟಿ ನೋಡಿದರು. ಚರಂಡಿ ಎಷ್ಟು ಆಳ ಅಂತ ಕೇಳಿದರು. ಅವನು ಹೇಳಿದ. ಓರ್ಲಿನ್‌ನ ತಲೆ ಯಾವ ಕಡೆಗಿತ್ತು ಅಂತ ಕೇಳಿದರು. ಅದನ್ನೂ ಹೇಳಿದ. ಗಾಳಿ ಅವರ ಟೋಪಿಯನ್ನು ಎತ್ತಲು ನೋಡಿತು, ಅವರು ಅಂಗೈಯಿಂದ ಅದುಮಿ ಹಿಡಿದುಕೊಂಡರು.

ಒಂದು ಹಾಲಿನ ಲಾರಿ ಏರಿ ಬಂತು. ಚಾಲಕ ಇಬ್ಬರನ್ನೂ ಗುರುತಿಸಿ, ಹಾರ್ನ್ ಮಾಡದೆ, ಆಚೆ ಅಂಚಿಗೆ ಸರಿದು ನಿಧಾನವಾಗಿ ದಾಟಿ ಹೋದ. ಆ ಸದ್ದು ಪೂರ್ತಿ ಅಡಗುವವರೆಗೂ ಮಿಸೆಸ್ ನೀಗಾರ್ಡ್ ಅಲ್ಲೇ ನಿಂತಿದ್ದರು. ಆಮೇಲೆ ಅವನ ತೋಳಿಗಾಗಿ ಕೈ ಚಾಚಿದರು.